ಬಳಕೆ ಅಷ್ಟೇ ಇದ್ದರೂ ವಿದ್ಯುತ್ ಬಿಲ್ ಏರಿದ್ದೇಕೆ? ಮನೆಯ ಬಿಲ್ಲನ್ನು ಲೆಕ್ಕ ಹಾಕುವ ಬಗೆ

ಪ್ರಶ್ನೆ: ನಮ್ಮದು ನಾಲ್ಕು ಜನರ ಮನೆ. ಕಳೆದ ಬಿಲ್ಲಿನಲ್ಲಿ ಮೀಟರ್ ರೀಡಿಂಗ್ 8227ರಿಂದ 8412ಕ್ಕೆ ಬಂದಿತ್ತು. ಈ ಬಾರಿ 8412ರಿಂದ 8641ಕ್ಕೆ ಬಂದಿದೆ. ಹೊಸ ಉಪಕರಣ ಯಾವುದನ್ನೂ ತಂದಿಲ್ಲ, ಬಳಕೆಯೂ ಬದಲಾಗಿಲ್ಲ. ಆದರೂ ವಿದ್ಯುತ್ ಶುಲ್ಕ ಮೂರನೇ ಒಂದು ಪಾಲಿಗಿಂತ ಹೆಚ್ಚೇ ಏರಿದೆ. ಮೀಟರ್ ವೇಗವಾಗಿ ಓಡುತ್ತಿದೆಯೇ ಎಂಬ ಸಂಶಯದಿಂದ ನಾನೇ ದಿನದ ಲೆಕ್ಕ ಹಾಕಿದೆ: ಫ್ರಿಜ್ 150 ವ್ಯಾಟ್, 24 ಗಂಟೆ, 15 ಲೀಟರಿನ ಗೀಸರ್ 2000 ವ್ಯಾಟ್, ಎರಡೂವರೆ ಗಂಟೆ, 75 ವ್ಯಾಟಿನ ಮೂರು ಫ್ಯಾನ್, 6 ಗಂಟೆ, ಒಂದು ಎಚ್‌ಪಿ ಪಂಪ್, 20 ನಿಮಿಷ, ಟಿವಿ 80 ವ್ಯಾಟ್, 4 ಗಂಟೆ, 9 ವ್ಯಾಟಿನ ಐದು ಬಲ್ಬ್, 5 ಗಂಟೆ, ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್, ಅರ್ಧ ಗಂಟೆ. ಒಟ್ಟು ದಿನಕ್ಕೆ 11 ಯೂನಿಟ್ ದಾಟುತ್ತದೆ. ಇದು ಬಿಲ್ಲಿಗೆ ತಾಳೆಯಾಗುವುದೇ ಇಲ್ಲ. ಸರಿಯಾದ ಲೆಕ್ಕ ಯಾವುದು? ಎರಡೂ ಬಿಲ್ಲುಗಳ ಪ್ರತಿಯನ್ನು ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ಮೀಟರಿನ ಯೂನಿಟ್‌ಗಳು ಬಿಲ್ಲಿನ ಮೊತ್ತವಾಗುವುದು ಒಂದು. ಮನೆಯ ಉಪಕರಣಗಳು ಆ ಯೂನಿಟ್‌ಗಳನ್ನು ಖರ್ಚು ಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ಊಹೆಗೆ ಜಾಗವಿಲ್ಲ, ಕೂಡಿಸುವುದು ಕಳೆಯುವುದು ಬಂದರೆ ಕೊನೆಯ ಅಂಕಿಯವರೆಗೂ ತಾಳೆ ನೋಡಬಹುದು. ಎರಡನೆಯದು ಯಾವಾಗಲೂ ಅಂದಾಜು. ಹತ್ತು ಪ್ರತಿಶತದ ಒಳಗೆ ಹೊಂದಿದರೆ ಅದು ಒಳ್ಳೆಯ ಅಂದಾಜು. ಉಪಕರಣಗಳ ಲೆಕ್ಕವನ್ನು ನೇರವಾಗಿ ಬಿಲ್ಲಿನ ಮೊತ್ತದ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎಲ್ಲಿ ಹುಟ್ಟಿತು ಎಂಬುದು ತಿಳಿಯುವುದಿಲ್ಲ. ಎರಡಕ್ಕೂ ನಡುವೆ ಇರುವುದು ಮೀಟರ್. ಆದ್ದರಿಂದ ಎರಡೂ ಕಡೆಯಿಂದ ಮೀಟರಿನ ತನಕ ಬಂದು ಅಲ್ಲಿ ಹೋಲಿಸಬೇಕು.

ಬಿಲ್ಲಿನಿಂದ ಆರಂಭಿಸೋಣ. ಹಿಂದಿನ ಬಿಲ್ಲಿನಲ್ಲಿ 8412ರಿಂದ 8227 ಕಳೆದರೆ 185 ಯೂನಿಟ್. ಈ ಬಾರಿ 8641ರಿಂದ 8412 ಕಳೆದರೆ 229 ಯೂನಿಟ್. ಮೀಟರಿನ ಗುಣಕ, ಅಂದರೆ ರೀಡಿಂಗ್‌ಗಳ ವ್ಯತ್ಯಾಸವನ್ನು ಗುಣಿಸಬೇಕಾದ ಸಂಖ್ಯೆ, ಎಂಬ ಅಂಕಣವೊಂದು ಬಿಲ್ಲಿನಲ್ಲಿರುತ್ತದೆ. ಮನೆಗಳಿಗೆ ಅದು ಸಾಮಾನ್ಯವಾಗಿ 1 ಆಗಿರುವುದರಿಂದ, ನಿಮ್ಮ ಬಿಲ್ಲಿನಲ್ಲಿರುವಂತೆ, ಈ ವ್ಯತ್ಯಾಸವೇ ಬಳಕೆ. ಹೆಚ್ಚಾಗಿರುವುದು 44 ಯೂನಿಟ್, ಅಂದರೆ ಸುಮಾರು 24 ಪ್ರತಿಶತ. ನೀವು ಇಲ್ಲಿಗೇ ನಿಂತಿದ್ದೀರಿ. ಆದರೆ ಬಿಲ್ಲಿನಲ್ಲಿ ರೀಡಿಂಗ್‌ನ ಪಕ್ಕದಲ್ಲೇ ದಿನಾಂಕಗಳೂ ಇವೆ. ಹಿಂದಿನ ಬಿಲ್ಲು 29 ದಿನಗಳದ್ದು, ಈ ಬಿಲ್ಲು 36 ದಿನಗಳದ್ದು. 185ನ್ನು 29ರಿಂದ ಭಾಗಿಸಿದರೆ ದಿನಕ್ಕೆ 6.38 ಯೂನಿಟ್, 229ನ್ನು 36ರಿಂದ ಭಾಗಿಸಿದರೆ 6.36. ಬಳಕೆ ಬದಲಾಗಿಲ್ಲ ಎಂದು ನೀವು ಹೇಳಿದ್ದು ನೂರಕ್ಕೆ ನೂರು ನಿಜ, ಮೀಟರ್ ಕೂಡ ಅದನ್ನೇ ಹೇಳುತ್ತಿದೆ. ಬಿಲ್ ಕೈಗೆ ಬಂದ ಕೂಡಲೇ ಮೊತ್ತವನ್ನು ನೋಡುವ ಮೊದಲು ಯೂನಿಟ್‌ಗಳನ್ನು ದಿನಗಳಿಂದ ಭಾಗಿಸಿ ನೋಡಬೇಕೆಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಮೀಟರ್ ಓದುವವರು ಒಂದು ವಾರ ತಡವಾಗಿ ಬಂದರೆ ಆ ವಾರದ ಬಳಕೆ ಈ ಬಿಲ್ಲಿಗೆ ಸೇರುತ್ತದೆ. ಅದು ಹೆಚ್ಚುವರಿ ಬಳಕೆಯಲ್ಲ.

ಹಾಗಾದರೆ ಯೂನಿಟ್ 24 ಪ್ರತಿಶತ ಏರಿದಾಗ ಶುಲ್ಕ ಅದಕ್ಕಿಂತ ಹೆಚ್ಚು ಏರಿದ್ದು ಏಕೆ? ಇದಕ್ಕೆ ಕಾರಣ ಹಂತದರ, ಅಂದರೆ ಸ್ಲ್ಯಾಬ್. ನಿಮ್ಮ ಬಿಲ್ಲಿನ ಪ್ರಕಾರ ಮೊದಲ 100 ಯೂನಿಟಿಗೆ ಒಂದು ದರ, ಮುಂದಿನ 100ಕ್ಕೆ ಅದರ ಒಂದೂವರೆ ಪಟ್ಟು, 200ರ ಮೇಲಿನದಕ್ಕೆ ಎರಡು ಪಟ್ಟು. ಹಣದ ಮೊತ್ತವನ್ನು ಬದಿಗಿಟ್ಟು ಮೊದಲ ಹಂತದ ದರವನ್ನು 1 ಎಂದೇ ಹಿಡಿದುಕೊಂಡರೆ ಲೆಕ್ಕ ಸ್ಪಷ್ಟವಾಗುತ್ತದೆ. ಹಿಂದಿನ ಬಿಲ್: ಮೊದಲ 100ಕ್ಕೆ 100, ಉಳಿದ 85ಕ್ಕೆ 127.5, ಒಟ್ಟು 227.5. ಈ ಬಿಲ್: ಮೊದಲ 100ಕ್ಕೆ 100, ಮುಂದಿನ 100ಕ್ಕೆ 150, ಕೊನೆಯ 29ಕ್ಕೆ 58, ಒಟ್ಟು 308. ಏರಿಕೆ 35 ಪ್ರತಿಶತ. ಹೆಚ್ಚಿದ 44 ಯೂನಿಟ್‌ಗಳಲ್ಲಿ 15 ಎರಡನೆಯ ಹಂತದಲ್ಲೂ 29 ಅತ್ಯಂತ ದುಬಾರಿಯಾದ ಮೂರನೆಯ ಹಂತದಲ್ಲೂ ಬಿದ್ದದ್ದರಿಂದ ಹೀಗಾಗಿದೆ.

ನೀವು ಪ್ರಶ್ನಿಸಬೇಕಾದ ಜಾಗ ಇದೇ. ಹಂತಗಳನ್ನು ಸಾಮಾನ್ಯವಾಗಿ ಒಂದು ತಿಂಗಳ ಬಳಕೆಗೆಂದು ನಿಗದಿ ಮಾಡಿರುತ್ತಾರೆ. 36 ದಿನಗಳ ಬಳಕೆಯನ್ನು 30 ದಿನಗಳ ಹಂತಕ್ಕೆ ತುರುಕಿದರೆ ಗ್ರಾಹಕರು ತಾವು ಮಾಡದ ತಪ್ಪಿಗೆ ಮೇಲಿನ ದರ ತೆರಬೇಕಾಗುತ್ತದೆ. ದಿನಗಳಿಗೆ ಅನುಗುಣವಾಗಿ ಹಂತವನ್ನೂ ಹಿಗ್ಗಿಸಿದರೆ 36ನ್ನು 30ರಿಂದ ಭಾಗಿಸಿ ಬರುವ 1.2ರಿಂದ ಪ್ರತಿ ಹಂತವನ್ನು ಗುಣಿಸಬೇಕು. 100 ಯೂನಿಟಿನ ಹಂತ 120 ಆಗುತ್ತದೆ. ಆಗ ನಿಮ್ಮ 229 ಯೂನಿಟ್‌ಗಳಲ್ಲಿ 120 ಮೊದಲ ದರಕ್ಕೆ, ಉಳಿದ 109 ಒಂದೂವರೆ ಪಟ್ಟಿಗೆ ಸೇರಿ ಒಟ್ಟು 283.5 ಆಗುತ್ತದೆ, ಮೂರನೆಯ ಹಂತಕ್ಕೆ ಒಂದು ಯೂನಿಟ್ ಕೂಡ ಹೋಗುವುದಿಲ್ಲ. 308ಕ್ಕೂ 283.5ಕ್ಕೂ ಇರುವ 24.5ರ ಅಂತರವೇ ನಿಮ್ಮ ಬಿಲ್ಲಿನಲ್ಲಿ ಚರ್ಚೆಗೆ ಯೋಗ್ಯವಾದ ಮೊತ್ತ. ಮೀಟರನ್ನು ದೂರುವ ಬದಲು ಈ ಅಂಶವನ್ನು ಹಿಡಿದು, ನಿಮಗೆ ಅನ್ವಯವಾಗುವ ದರಪಟ್ಟಿಯ ನಿಯಮದಲ್ಲಿ ಬಿಲ್ಲಿನ ಅವಧಿ ಹೆಚ್ಚಾದಾಗ ಹಂತಗಳನ್ನು ದಿನಗಳ ಲೆಕ್ಕದಲ್ಲಿ ಹೊಂದಿಸಬೇಕೆಂದು ಇದೆಯೇ ಎಂದು ನೋಡಿ. ಇದ್ದರೆ ನಿಮ್ಮ ಮನವಿಗೆ ಗಟ್ಟಿಯಾದ ಆಧಾರವಿದೆ.

ಹಂತದರದಲ್ಲೇ ಇನ್ನೊಂದು ಬಗೆಯಿದೆ. ಮೇಲೆ ಹೇಳಿದ್ದು ಪ್ರತಿ ಹಂತದ ಯೂನಿಟಿಗೆ ಆಯಾ ಹಂತದ ದರ ಹಾಕುವ ಕ್ರಮ. ಕೆಲವು ದರಪಟ್ಟಿಗಳಲ್ಲಿ ಒಂದು ಮಿತಿ ದಾಟಿದ ಕೂಡಲೇ ಮೊದಲ ಯೂನಿಟಿನಿಂದಲೇ ಮೇಲಿನ ದರ ಅನ್ವಯವಾಗುತ್ತದೆ. ಇದೇ ಅನುಪಾತದಲ್ಲಿ 200 ಯೂನಿಟಿಗೆ 300 ಬರುವ ಕಡೆ 201 ಯೂನಿಟಿಗೆ 402 ಬರುತ್ತದೆ. ಒಂದೇ ಯೂನಿಟಿಗೆ 102ರ ಜಿಗಿತ. ಅಂಥ ಕಡೆ ಮಿತಿಯ ಸಮೀಪದ ಮನೆಯವರು ತಿಂಗಳ ಕೊನೆಯ ವಾರದಲ್ಲಿ ಮೀಟರ್ ನೋಡಿಕೊಂಡೇ ಇರಬೇಕಾಗುತ್ತದೆ. ನಿಮ್ಮ ಬಿಲ್ಲು ಆ ಬಗೆಯದಲ್ಲ.

ಯೂನಿಟ್ ಶುಲ್ಕದ ಆಚೆಗಿನ ಅಂಕಣಗಳನ್ನು ಬೇಗ ಮುಗಿಸಬಹುದು. ನಿಗದಿತ ಶುಲ್ಕ ಬಳಕೆಗೆ ಸಂಬಂಧಿಸಿದ್ದಲ್ಲ. ಬಹಳ ಕಡೆ ಅದು ಮನೆಗೆ ಮಂಜೂರಾದ ಕಿಲೋವ್ಯಾಟ್ ಲೋಡಿನ ಮೇಲೆ ನಿಂತಿರುತ್ತದೆ, ಮನೆಗೆ ಬೀಗ ಹಾಕಿದ್ದರೂ ಬರುತ್ತದೆ. ಇಂಧನದ ಬೆಲೆಯ ಏರಿಳಿತವನ್ನು ಸರಿದೂಗಿಸುವ ಇಂಧನ ಹೊಂದಾಣಿಕೆ ಶುಲ್ಕ ಸಾಮಾನ್ಯವಾಗಿ ಪ್ರತಿ ಯೂನಿಟಿಗೆ ಇಷ್ಟು ಎಂದು ಇರುತ್ತದೆ ಮತ್ತು ಆಗಾಗ ಬದಲಾಗುತ್ತದೆ. ತೆರಿಗೆ ಪ್ರತಿಶತದ ಲೆಕ್ಕದ್ದು. ಅದು ಯಾವ ಯಾವ ಅಂಕಣಗಳ ಮೊತ್ತದ ಮೇಲೆ ಎಂಬುದನ್ನು ದರಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಬಾಕಿ, ಬಾಕಿಯ ಮೇಲಿನ ಬಡ್ಡಿ, ಹಿಂದಿನ ಹೊಂದಾಣಿಕೆ ಇವು ಈ ತಿಂಗಳ ಬಳಕೆಯ ಲೆಕ್ಕಕ್ಕೆ ಸೇರುವುದಿಲ್ಲ, ಹೋಲಿಸುವಾಗ ಅವನ್ನು ಕಳೆದುಬಿಡಿ. ಮೀಟರ್ ಓದಲಾಗದೆ ಸರಾಸರಿಯ ಮೇಲೆ ಬಿಲ್ ಮಾಡಿದ್ದರೆ ಅದರ ಗುರುತು ಬಿಲ್ಲಿನಲ್ಲೇ ಇರುತ್ತದೆ. ಮುಂದಿನ ಸಲ ನಿಜವಾದ ರೀಡಿಂಗ್ ತೆಗೆದಾಗ ಆ ಸರಾಸರಿ ಮೊತ್ತವನ್ನು ಕಳೆದಿದ್ದಾರೆಯೇ, ಎರಡು ತಿಂಗಳ ಯೂನಿಟ್‌ಗಳನ್ನು ಎರಡು ತಿಂಗಳ ಹಂತಗಳಿಗೆ ಹಂಚಿದ್ದಾರೆಯೇ ಎಂದು ನೋಡುವುದು ಮುಖ್ಯ.

ಈಗ ನಿಮ್ಮ ಎರಡನೆಯ ಲೆಕ್ಕ. ನಿಮ್ಮ ಪಟ್ಟಿಯನ್ನು ಕೂಡಿಸಿದರೆ ದಿನಕ್ಕೆ 11.2 ಯೂನಿಟ್, 36 ದಿನಕ್ಕೆ ಸುಮಾರು 405. ಮೀಟರ್ ತೋರಿಸಿದ್ದು 229. ಮೀಟರ್ ವೇಗವಾಗಿ ಓಡುತ್ತಿದ್ದರೆ ಅದು ನಿಮ್ಮ ಲೆಕ್ಕಕ್ಕಿಂತ ಹೆಚ್ಚು ತೋರಿಸಬೇಕಿತ್ತು ಎಂಬುದನ್ನು ಮೊದಲು ಗಮನಿಸಿ. ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಗಂಟೆ, 1000 ವ್ಯಾಟಿನ ಹೊರೆ ಒಂದು ಗಂಟೆ ನಡೆದಾಗ ಆಗುವ ಖರ್ಚು. ವ್ಯಾಟನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸುವ ನಿಮ್ಮ ಸೂತ್ರ ಸರಿಯಾಗಿಯೇ ಇದೆ. ತಪ್ಪಿರುವುದು ಗಂಟೆಯಲ್ಲಿ. ಸ್ವಿಚ್ ಹಾಕಿದ್ದ ಸಮಯವೇ ಬೇರೆ, ಉಪಕರಣ ವಿದ್ಯುತ್ತನ್ನು ಎಳೆದ ಸಮಯವೇ ಬೇರೆ. ಉಷ್ಣತೆಯನ್ನು ತಾನೇ ಕಾಯ್ದುಕೊಳ್ಳುವ ಯಾವುದೇ ಉಪಕರಣದಲ್ಲಿ ಇವೆರಡೂ ಒಂದಾಗಿರುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಅತಿ ದೊಡ್ಡ ಅಂಕಿ ಗೀಸರಿನದು, ದಿನಕ್ಕೆ 5 ಯೂನಿಟ್. ಗೀಸರನ್ನು ಗಂಟೆಯಲ್ಲಿ ಅಳೆಯಬಾರದು, ನೀರಿನಲ್ಲಿ ಅಳೆಯಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.186 ಕಿಲೋಜೂಲ್ ಬೇಕು. ಒಂದು ಯೂನಿಟ್ ಎಂದರೆ 3600 ಕಿಲೋಜೂಲ್. ಆದ್ದರಿಂದ ಲೀಟರುಗಳನ್ನು ಏರಿದ ಡಿಗ್ರಿಗಳಿಂದ ಗುಣಿಸಿ 860ರಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. 22 ಡಿಗ್ರಿಯ 15 ಲೀಟರ್ ನೀರು 57 ಡಿಗ್ರಿಗೆ ಏರಿತೆನ್ನಿ: 15ನ್ನು 35ರಿಂದ ಗುಣಿಸಿದರೆ 525, ಅದನ್ನು 860ರಿಂದ ಭಾಗಿಸಿದರೆ 0.61 ಯೂನಿಟ್. 2000 ವ್ಯಾಟಿನ ಗೀಸರಿಗೆ ಇದು ಸುಮಾರು 18 ನಿಮಿಷದ ಕೆಲಸ. ನಾಲ್ವರಿಗೆ ಒಂದೊಂದು ಟ್ಯಾಂಕ್ ಎಂದರೆ 2.44 ಯೂನಿಟ್, 73 ನಿಮಿಷ. ನೀವು ಬರೆದ ಎರಡೂವರೆ ಗಂಟೆಯ ಉಳಿದ ಅವಧಿಯಲ್ಲಿ ಸ್ವಿಚ್ ಹಾಕಿದ್ದರೂ ಥರ್ಮೋಸ್ಟ್ಯಾಟ್ ಕಾಯಿಲನ್ನು ಬಂದ್ ಮಾಡಿರುತ್ತದೆ. ಟ್ಯಾಂಕಿನ ಗೋಡೆಯ ಮೂಲಕ ಸೋರುವ ಶಾಖಕ್ಕೆ ಸ್ವಲ್ಪ ಸೇರಿಸಿ 2.75 ಎಂದು ಹಿಡಿಯೋಣ.

ಗೀಸರಿನ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು, ಏಕೆಂದರೆ ಈ ವಿಷಯದಲ್ಲಿ ತಪ್ಪು ನಂಬಿಕೆಗಳು ಹೆಚ್ಚು. ವೋಲ್ಟೇಜ್ ಕಡಿಮೆಯಿದ್ದರೆ ನೀರು ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಹಾಗಾಗಿ ಯೂನಿಟ್ ಹೆಚ್ಚು ಓಡುತ್ತದೆ ಎನ್ನುವವರಿದ್ದಾರೆ. 230 ವೋಲ್ಟಿಗೆಂದು ಮಾಡಿದ 2000 ವ್ಯಾಟಿನ ಕಾಯಿಲಿಗೆ 207 ವೋಲ್ಟ್ ಸಿಕ್ಕರೆ ಅದು ಎಳೆಯುವುದು 1620 ವ್ಯಾಟ್ ಮಾತ್ರ. ಸಮಯ ಹೆಚ್ಚಿದಷ್ಟೇ ವ್ಯಾಟ್ ಇಳಿದಿರುತ್ತದೆ, ನೀರಿಗೆ ಬೇಕಾದ ಶಾಖ ಅಷ್ಟೇ. ಎರಡನೆಯದಾಗಿ, ಥರ್ಮೋಸ್ಟ್ಯಾಟನ್ನು ಇಳಿಸಿದ ಮಾತ್ರಕ್ಕೆ ಅರ್ಧ ಉಳಿತಾಯವಾಗುತ್ತದೆ ಎಂದು ನಿರೀಕ್ಷಿಸಬೇಡಿ. ಬಹಳ ಬಿಸಿಯಾದ ನೀರಿಗೆ ಹೆಚ್ಚು ತಣ್ಣೀರು ಬೆರೆಸುತ್ತೀರಿ, ಕಡಿಮೆ ಬಿಸಿಯಾದದ್ದಕ್ಕೆ ಕಡಿಮೆ ಬೆರೆಸುತ್ತೀರಿ. ಸ್ನಾನಕ್ಕೆ ಸುರಿದುಕೊಳ್ಳುವ ನೀರಿನ ಶಾಖ ಒಂದೇ ಆಗಿರುತ್ತದೆ. ಉಳಿಯುವುದು ಸೋರಿಕೆಯ ಪಾಲು ಮಾತ್ರ. ಬಳಸುವ ನೀರು ಕಡಿಮೆಯಾದರೆ ಮಾತ್ರ ಯೂನಿಟ್ ನಿಜವಾಗಿ ಇಳಿಯುತ್ತದೆ.

ಫ್ರಿಜ್ಜಿನದೂ ಇದೇ ಕಥೆ. ಅದರ ಕಂಪ್ರೆಸರ್ ದಿನದ 24 ಗಂಟೆಯೂ ಓಡುವುದಿಲ್ಲ. ನಿಮ್ಮ 150 ವ್ಯಾಟಿನ ಫ್ರಿಜ್ ಮೂರನೇ ಒಂದು ಪಾಲು ಸಮಯ ಓಡಿದರೆ 1.2 ಯೂನಿಟ್, ನೀವು ಹಿಡಿದದ್ದು 3.6. ಫ್ರಿಜ್ಜಿನ ಮೇಲೆ ಅಂಟಿಸಿದ ಇಂಧನ ದಕ್ಷತೆಯ ಚೀಟಿಯಲ್ಲಿ ವರ್ಷದ ಯೂನಿಟ್ ಬರೆದಿದ್ದರೆ ಅದನ್ನು 365ರಿಂದ ಭಾಗಿಸುವುದು ಇದಕ್ಕಿಂತ ನಂಬಲರ್ಹ ವಿಧಾನ, ಆದರೆ ಪದೇ ಪದೇ ಬಾಗಿಲು ತೆರೆಯುವ ಮನೆಯಲ್ಲಿ ಅಥವಾ ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚೇ ಬರುತ್ತದೆ. ಇಸ್ತ್ರಿ ಪೆಟ್ಟಿಗೆಯೂ ಕಾದ ಮೇಲೆ ಆಗಾಗ ಆಫ್ ಆಗುವುದರಿಂದ ಅರ್ಧ ಗಂಟೆಗೆ 0.5ರ ಬದಲು 0.3 ಹಿಡಿದರೆ ಸಾಕು.

ಪಂಪಿನಲ್ಲಿ ನಿಮ್ಮ ಲೆಕ್ಕ ಎದುರು ದಿಕ್ಕಿನಲ್ಲಿ ತಪ್ಪಿದೆ. ಒಂದು ಎಚ್‌ಪಿ ಎಂದರೆ 746 ವ್ಯಾಟ್ ಎಂದು ತೆಗೆದುಕೊಂಡಿದ್ದೀರಿ. ಅದು ಮೋಟಾರು ಹೊರಗೆ ಕೊಡುವ ಶಕ್ತಿ. ಒಳಗೆ ಎಳೆಯುವುದು ಇದಕ್ಕಿಂತ ಹೆಚ್ಚು. ದಕ್ಷತೆ 65 ಪ್ರತಿಶತ ಎಂದರೆ ಸುಮಾರು 1150 ವ್ಯಾಟ್, 20 ನಿಮಿಷಕ್ಕೆ 0.38 ಯೂನಿಟ್. ಫ್ಯಾನ್‌ಗಳ 1.35, ಟಿವಿಯ 0.32, ಬಲ್ಬುಗಳ 0.23 ಇವುಗಳಲ್ಲಿ ತಿದ್ದುವುದೇನೂ ಇಲ್ಲ. ಟಿವಿಯ ಜೊತೆಗೆ ಸೆಟ್ ಟಾಪ್ ಬಾಕ್ಸ್ ಇದ್ದರೆ ಅದನ್ನು ಮರೆತಿದ್ದೀರಿ. ಸ್ವಿಚ್ ಬೋರ್ಡಿನಲ್ಲಿ ಆರಿಸದಿದ್ದರೆ ಹತ್ತು ವ್ಯಾಟ್ ಎಳೆಯುವ ಬಾಕ್ಸ್ ದಿನಕ್ಕೆ 0.24 ಯೂನಿಟ್ ತಿನ್ನುತ್ತದೆ, ನಿಮ್ಮ ಐದೂ ಬಲ್ಬುಗಳಿಗಿಂತ ಹೆಚ್ಚು. ಹಗಲೂ ರಾತ್ರಿ ಎಳೆಯುವ ಒಂದೇ ಒಂದು ವ್ಯಾಟ್ ವರ್ಷಕ್ಕೆ 8.76 ಯೂನಿಟ್ ಆಗುತ್ತದೆ ಎಂಬ ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡರೆ ಇಂಥವುಗಳ ತೂಕ ತಿಳಿಯುತ್ತದೆ.

ತಿದ್ದಿದ ಪಟ್ಟಿಯನ್ನು ಕೂಡಿಸಿ: ಗೀಸರ್ 2.75, ಫ್ಯಾನ್ 1.35, ಫ್ರಿಜ್ 1.2, ಪಂಪ್ 0.38, ಟಿವಿ 0.32, ಇಸ್ತ್ರಿ 0.3, ಬಾಕ್ಸ್ 0.24, ಬಲ್ಬ್ 0.23. ಒಟ್ಟು ಸುಮಾರು 6.8. ಮೀಟರ್ ಹೇಳಿದ್ದು 6.36. ಉಳಿದ 0.4 ಯೂನಿಟಿನ ಹಿಂದೆ ಬೀಳಬೇಕಾಗಿಲ್ಲ. ಇಸ್ತ್ರಿ ದಿನವೂ ಮಾಡದಿರಬಹುದು, ಫ್ಯಾನ್ ಪೂರ್ಣ ವೇಗದಲ್ಲಿ ಓಡದಿರಬಹುದು.

ಅಂದಾಜಿನ ಬದಲು ಅಳತೆಯೇ ಬೇಕೆಂದರೆ ಅದಕ್ಕೆ ಬೇಕಾದ ಸಾಧನ ನಿಮ್ಮ ಗೋಡೆಯ ಮೇಲೆಯೇ ಇದೆ. ಎಲೆಕ್ಟ್ರಾನಿಕ್ ಮೀಟರಿನ ಮುಖದಲ್ಲಿ ಮಿನುಗುವ ಒಂದು ಸಣ್ಣ ಕೆಂಪು ದೀಪವಿರುತ್ತದೆ. ಒಂದು ಯೂನಿಟಿಗೆ ಅದು ಎಷ್ಟು ಬಾರಿ ಮಿನುಗುತ್ತದೆ ಎಂಬ ಸಂಖ್ಯೆ ಅಲ್ಲೇ ಮುದ್ರಿತವಾಗಿರುತ್ತದೆ. 3200, 1600 ಇಂಥ ಅಂಕಿಗಳು ಸಾಮಾನ್ಯ. ಫ್ರಿಜ್ಜನ್ನು ಬಿಟ್ಟು ಉಳಿದೆಲ್ಲವನ್ನೂ ಆರಿಸಿ, ಕಂಪ್ರೆಸರಿನ ಸದ್ದು ಬರುವಾಗ ಮೀಟರಿನ ಮುಂದೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಲ್ಲಿ. ಒಂದು ಮಿನುಗಿಗೆ ಗಡಿಯಾರ ಆರಂಭಿಸಿ, ಅದನ್ನು ಸೊನ್ನೆ ಎಂದೆಣಿಸಿ, ಹತ್ತನೆಯ ಮಿನುಗಿಗೆ ನಿಲ್ಲಿಸಿ. 3200ರ ಮೀಟರಿನಲ್ಲಿ 1125ನ್ನು ಮಿನುಗುಗಳ ಸಂಖ್ಯೆಯಿಂದ ಗುಣಿಸಿ ಸೆಕೆಂಡುಗಳಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 1600ರ ಮೀಟರಿಗೆ 1125ರ ಬದಲು 2250 ಹಾಕಿ. ಹತ್ತು ಮಿನುಗಿಗೆ 90 ಸೆಕೆಂಡು ಹಿಡಿದರೆ ನಿಮ್ಮ ಫ್ರಿಜ್ ಎಳೆಯುತ್ತಿರುವುದು 125 ವ್ಯಾಟ್. ಪಂಪ್, ಗೀಸರ್, ಫ್ಯಾನ್ ಒಂದೊಂದನ್ನೂ ಹೀಗೆ ಪ್ರತ್ಯೇಕವಾಗಿ ಅಳೆಯಬಹುದು. ಉಪಕರಣದ ತಗಡಿನ ಮೇಲೆ ಬರೆದ ವ್ಯಾಟಿಗಿಂತ ಈ ಅಂಕಿಯನ್ನೇ ನಾನು ಹೆಚ್ಚು ನಂಬುತ್ತೇನೆ.

ಆದರೆ ಇದೇ ವಿಧಾನದಿಂದ ಮೀಟರಿನ ನಿಖರತೆಯನ್ನು ಪರೀಕ್ಷಿಸಲು ಹೋಗಬೇಡಿ. ಗೀಸರಿನ ಮೇಲೆ 2000 ಎಂದಿದ್ದು ಅಳತೆಯಲ್ಲಿ 1620 ಬಂದರೆ ಮೀಟರ್ ನಿಧಾನ ಎಂದರ್ಥವಲ್ಲ, ಮೇಲೆ ಹೇಳಿದಂತೆ ವೋಲ್ಟೇಜ್ ಇಳಿದಿರಬಹುದು. ಮೀಟರಿನ ಮೇಲೆ ನಿಖರತೆಯ ವರ್ಗ 1.0 ಎಂದು ಮುದ್ರಿಸಿದ್ದರೆ ಅದರ ದೋಷ ಸಾಮಾನ್ಯ ಸ್ಥಿತಿಯಲ್ಲಿ ಒಂದು ಪ್ರತಿಶತದ ಒಳಗಿರಬೇಕು. ಅದನ್ನು ಪ್ರಮಾಣಿತ ಮೀಟರಿನ ಜೊತೆಗಿಟ್ಟು ಪರೀಕ್ಷಿಸಬೇಕಾದವರು ವಿದ್ಯುತ್ ಸರಬರಾಜು ಮಾಡುವವರೇ.

ನೀವು ಮಾಡಬಹುದಾದ, ಮಾಡಲೇಬೇಕಾದ ಪರೀಕ್ಷೆ ಸೋರಿಕೆಯದು. ಮೇನ್ ಸ್ವಿಚ್ ಹಾಕಿಯೇ ಇರಲಿ, ಎಲ್ಲ ಉಪಕರಣಗಳ ಪ್ಲಗ್ ತೆಗೆದು, ಫ್ಯಾನ್ ಮತ್ತು ದೀಪಗಳನ್ನು ಆರಿಸಿ ಹತ್ತು ನಿಮಿಷ ಕಾಯಿರಿ. ದೀಪ ಮಿನುಗಿದರೆ ಎಲ್ಲೋ ವಿದ್ಯುತ್ ಖರ್ಚಾಗುತ್ತಿದೆ. ಬಳಿಕ ಮೇನ್ ಸ್ವಿಚ್ ಆರಿಸಿ ನೋಡಿ; ಆಗಲೂ ಮಿನುಗುತ್ತಿದ್ದರೆ ಮೀಟರಿಗೂ ಮೇನ್ ಸ್ವಿಚ್ಚಿಗೂ ನಡುವೆ ಬೇರೆ ಸಂಪರ್ಕವಿದೆ ಎಂದು ಶಂಕಿಸಬೇಕು. ಫೇಸ್ (ಕರೆಂಟ್ ತರುವ ತಂತಿ) ಮತ್ತು ನ್ಯೂಟ್ರಲ್ (ಅದು ಮರಳುವ ತಂತಿ) ಎರಡರ ಕರೆಂಟನ್ನೂ ಅಳೆದು ಹೆಚ್ಚಿರುವುದನ್ನು ದಾಖಲಿಸುವ ಮೀಟರುಗಳಿವೆ. ಒಂದೇ ಕಟ್ಟಡದ ಎರಡು ಮನೆಗಳ ನ್ಯೂಟ್ರಲ್ ತಂತಿ ಒಂದಕ್ಕೊಂದು ಬೆರೆತಿದ್ದರೆ ಅಂಥ ಮೀಟರಿನಲ್ಲಿ ಪಕ್ಕದ ಮನೆಯ ಬಳಕೆ ನಿಮ್ಮ ಲೆಕ್ಕಕ್ಕೆ ಬರಬಹುದು. ಮೇಲಿನ ಪರೀಕ್ಷೆಯಲ್ಲಿ ಇಂಥ ಸುಳಿವು ಸಿಕ್ಕರೆ ಮುಂದಿನ ಕೆಲಸ ಅರ್ಹ ಎಲೆಕ್ಟ್ರಿಷಿಯನ್ನರದು. ಮೀಟರಿನ ಮುದ್ರೆಯನ್ನಾಗಲಿ ಅದರ ತಂತಿಗಳನ್ನಾಗಲಿ ಯಾವ ಕಾರಣಕ್ಕೂ ಮುಟ್ಟಬೇಡಿ, ಅದು ಜೀವಕ್ಕೆ ಅಪಾಯ. ನಿಮ್ಮ ದಿನದ ಸರಾಸರಿ ಎರಡೂ ಬಿಲ್ಲುಗಳಲ್ಲಿ ಒಂದೇ ಇರುವುದರಿಂದ ಹೊಸದಾಗಿ ಇಂಥ ದೋಷ ಹುಟ್ಟಿಕೊಂಡಿರುವ ಸಂಭವ ಕಡಿಮೆ, ಆದರೂ ಒಮ್ಮೆ ನೋಡಿಬಿಡಿ.

ಉಳಿತಾಯದ ಲೆಕ್ಕ ಹಾಕುವಾಗ ಒಂದು ಎಚ್ಚರಿಕೆ. ಒಟ್ಟು ಶುಲ್ಕವನ್ನು ಯೂನಿಟ್‌ಗಳಿಂದ ಭಾಗಿಸಿ ಬರುವ ಸರಾಸರಿ ದರದಿಂದ ಉಳಿತಾಯವನ್ನು ಅಳೆಯುವುದು ಸರಿಯಲ್ಲ. ಮೊದಲ ಹಂತದ ದರವನ್ನು 1 ಎಂದೇ ಹಿಡಿದರೆ ನಿಮ್ಮ ಬಿಲ್ಲಿನಲ್ಲಿ ಸರಾಸರಿ 1.34, ಆದರೆ ನೀವು ಉಳಿಸುವ ಮೊದಲ ಯೂನಿಟ್ ಕಡಿಮೆಯಾಗುವುದು ಮೇಲಿನ ಹಂತದಿಂದ, ಅಲ್ಲಿ ದರ 2. ಆ ಹಂತದ 29 ಯೂನಿಟ್‌ಗಳನ್ನು ಉಳಿಸಿದರೆ ಬಳಕೆ ಇಳಿಯುವುದು 12.7 ಪ್ರತಿಶತ, ಯೂನಿಟ್ ಶುಲ್ಕ ಇಳಿಯುವುದು 18.8 ಪ್ರತಿಶತ. ನಿಮ್ಮ 75 ವ್ಯಾಟಿನ ಮೂರು ಫ್ಯಾನ್‌ಗಳ ಜಾಗದಲ್ಲಿ ಪೂರ್ಣ ವೇಗದಲ್ಲಿ 30 ವ್ಯಾಟ್ ಎಳೆಯುವ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್‌ಗಳಿದ್ದರೆ 36 ದಿನಗಳಿಗೆ ಸರಿಸುಮಾರು ಅಷ್ಟೇ ಯೂನಿಟ್ ಉಳಿಯುತ್ತಿತ್ತು. ಹೊಸ ಉಪಕರಣ ಕೊಳ್ಳುವ ನಿರ್ಧಾರವನ್ನು ಈ ಕೊನೆಯ ಹಂತದ ದರದ ಮೇಲೆ ನಿಲ್ಲಿಸಿ. ನಿಗದಿತ ಶುಲ್ಕ ಮಾತ್ರ ಇದರಿಂದ ಇಳಿಯುವುದಿಲ್ಲ.

ಸದ್ಯಕ್ಕೆ ನೀವು ಮಾಡಬೇಕಾದದ್ದು ಇಷ್ಟು: ಎರಡೂ ಬಿಲ್ಲುಗಳ ಪ್ರತಿ, 29 ಮತ್ತು 36 ದಿನಗಳ ಅವಧಿ, ಹಂತವನ್ನು 120ಕ್ಕೆ ಹಿಗ್ಗಿಸಿದಾಗ ಬರುವ ಮೊತ್ತ ಇವನ್ನು ಒಂದು ಪುಟದಲ್ಲಿ ಬರೆದು, ಬಿಲ್ ಪಾವತಿಯ ಕೊನೆಯ ದಿನಕ್ಕೆ ಮೊದಲೇ ಪರಿಷ್ಕರಣೆಗೆ ಅರ್ಜಿ ಕೊಡಿ. ಮೀಟರ್ ದೋಷದ ಮಾತನ್ನು ಅದರಲ್ಲಿ ಸೇರಿಸಬೇಡಿ, ಅರ್ಜಿ ಬೇರೆ ದಾರಿ ಹಿಡಿಯುತ್ತದೆ. ಮುಂದಿನ ರೀಡಿಂಗ್ ತೆಗೆಯುವ ದಿನ ಮೀಟರಿನ ಅಂಕಿ ಮತ್ತು ದಿನಾಂಕ ಎರಡೂ ಕಾಣುವಂತೆ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಈ ಬಾರಿ 36 ದಿನವಾದ ಕಾರಣ ಮುಂದಿನ ಅವಧಿ ಕಡಿಮೆ ದಿನಗಳದ್ದಾಗಬಹುದು, ಆಗ ಬಿಲ್ ಇಳಿದದ್ದನ್ನೂ ದಿನಗಳಿಂದ ಭಾಗಿಸಿಯೇ ನೋಡಿ.